ನಡುವಿನ ಪೆಡಲು

ಹೋದ ವಾರ ಕುರುಬರಹಳ್ಳಿ ಸರ್ಕಲ್ಲಿನ ಹತ್ತಿರ, ಸಿಟಿ ಬಸ್ಸಿನಲ್ಲಿ, ನಾನೊಂದು ಅಪಘಾತ ಮಾಡಿದೆ. ಬಸ್ಸು ಓಡಿಸುತ್ತಿದ್ದವಳು ನಾನಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಮರ್ಯಾದೆಯಾಗಿ ಕೂತಿದ್ದೆ. ಮುಂದೆ ಯಾರೋ ಸ್ಕೂಟರಿನವನು ಅಡ್ಡ ಬಂದ, ಡ್ರೈವರ್ ಬ್ರೇಕ್ ಹಾಕಿದ, ಅವನ ಜೊತೆಗೆ ನಾನೂ ಹಾಕಿದೆ. ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಬಲಕ್ಕೆ ಹಾರಿ ಪಕ್ಕದ ಹೆಂಗಸಿನ ಕೈಚೀಲವನ್ನು ಬಲವಾಗಿ ತುಳಿಯಿತು. ಒಳಗಿದ್ದದ್ದು ಟೊಮ್ಯಾಟೊ.

"ಏನ್ರೀ ಮೇಡಂ ಇದು?" ಎಂದರು ಆಕೆ.

"ಸಾರಿ, ಬ್ರೇಕ್ ಹಾಕ್ದೆ" ಎಂದೆ.

ಆಕೆ ನನ್ನನ್ನು ಒಮ್ಮೆ, ನನ್ನ ಕಾಲನ್ನು ಒಮ್ಮೆ ನೋಡಿ, ಚೀಲವನ್ನು ಮಡಿಲಿಗೆ ಎತ್ತಿಕೊಂಡರು. ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟಿಗೂ ಹೋದರು. ಅವರ ತಪ್ಪೇನಿಲ್ಲ. ಯಾವ ಕಾರಿನಲ್ಲಿ ತಾನೇ ಬ್ರೇಕು ಬಲತುದಿಯಲ್ಲಿರುತ್ತದೆ, ನೀವೇ ಹೇಳಿ. ನೀವು ಕಾರು ಓಡಿಸುವವರಾದರೆ ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರ್ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೀರಿ. ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮ ಮನೆಯ ಕೆಲವು ಗಾಡಿಗಳಲ್ಲಿ ಆಕ್ಸಿಲರೇಟರ್ ನಡುವೆ, ಬ್ರೇಕು ಬಲಕ್ಕೆ. ಹಳೇ ಕಾಲದ ರೇಸ್ ಗಾಡಿಗಳನ್ನು ಕಟ್ಟಿದ ಪುಣ್ಯಾತ್ಮರಲ್ಲಿ ಕೆಲವರಿಗೆ ಅದೇ ಸರಿ ಅನ್ನಿಸಿತ್ತಂತೆ.

ರೇಸ್ ಗಾಡಿ ಎಂದ ಕೂಡಲೇ ನೀವು ಅರಮನೆ, ಸಮವಸ್ತ್ರದ ಡ್ರೈವರು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಮ್ಮಪ್ಪನದು ಬಿನ್ನಿಪೇಟೆಯಲ್ಲಿ ಒಂದು ಲೇತ್ ವರ್ಕ್‌ಶಾಪು. ಕಾಫಿ ತೋಟದ ದೊರೆಗಳ ಮಕ್ಕಳು, ಹಳೇ ಶ್ರೀಮಂತರ ಮೊಮ್ಮಕ್ಕಳು, ತಾತಂದಿರ ಸ್ಪೋರ್ಟ್ಸ್ ಕಾರುಗಳನ್ನು ಕೋಳಿಗೂಡು ಮಾಡಿಕೊಂಡಿದ್ದ ಕಾಲದಲ್ಲಿ ಅಪ್ಪ ಹೋಗಿ ಅವನ್ನು ಗುಜರಿ ತೂಕಕ್ಕೆ ತರುತ್ತಿದ್ದರು. ಎಲ್ಲೂ ಸಿಗದ ಭಾಗಗಳನ್ನು ತಾವೇ ಲೇತಿನಲ್ಲಿ ಕಡೆದು ಹಾಕುತ್ತಿದ್ದರು. ಬಸವೇಶ್ವರನಗರದಲ್ಲಿ ಜೋಡಿ ಸೈಟು ಕೊಂಡಾಗ ಮೊದಲು ಶೆಡ್ಡು ಎದ್ದಿತು. ಮಿಕ್ಕ ಜಾಗದಲ್ಲಿ ಮನೆ. ಇಂದಿಗೂ ನಮ್ಮ ಶೆಡ್ಡಿನಲ್ಲಿ ಗಾಳಿ ಬೆಳಕು ಧಾರಾಳ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ಬರಬೇಕು.

ಅಮ್ಮನ ತೌರಿನವರಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. "ಮನೇಲಿ ಅಷ್ಟೊಂದು ಕಾರಿದೆ, ಮದುವೆಗೆ ಬಸ್ಸಲ್ಲಿ ಬರ್ತಾರಲ್ಲ" ಎಂದು ನಮ್ಮ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಏನು ಮಾಡುವುದು? ಕೆಂಪಿಗೆ ಎರಡೇ ಸೀಟು. ಸೀಮೆ ಅತ್ತೆಗೂ ಎರಡೇ. ಒಂಟಿಗೆ ಹೆಸರೇ ಹೇಳುವಂತೆ ಒಂದು. ನಮ್ಮ ಇಡೀ ಸಂಸಾರ ಒಟ್ಟಿಗೆ ಕೂರಬಹುದಾದ ವಾಹನ ಎಂದರೆ ಸಿಟಿ ಬಸ್ಸೊಂದೇ. ಗಾಡಿಗಳಿಗೆ ಈ ಹೆಸರುಗಳನ್ನಿಟ್ಟವರು ಅಜ್ಜಿ. ಕೆಂಪಿ ಪುಟ್ಟ ಕೆಂಪು ಗಾಡಿ. ಸೀಮೆ ಅತ್ತೆ ಉದ್ದ ಮೂಗಿನ ಬೂದು ಬಣ್ಣದ್ದು, ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕಿಸುತ್ತ, ಹೊರಡುವ ಮುಂಚೆ ಬೇಕಾದಷ್ಟು ಕೆಮ್ಮುತ್ತದೆ. ಒಂಟಿ ಮಾತ್ರ ಅಪ್ಪಟ ರೇಸ್ ಗಾಡಿ, ನಡುವೆ ಆಕ್ಸಿಲರೇಟರ್ ಇರುವಂಥದ್ದು. ಮದರಾಸಿನ ಆಚೆಯ ಹಳೇ ಏರ್‌ಸ್ಟ್ರಿಪ್ಪಿನಲ್ಲಿ ಅಪ್ಪ ಅದನ್ನು ಓಡಿಸಿದ್ದಾರೆ. ಗೆದ್ದಿದ್ದಾರೋ ಎಂದು ಕೇಳಿದರೆ, "ವಾಪಸ್ ಓಡಿಸ್ಕೊಂಡು ಬಂದೆನಲ್ಲ" ಎಂದಷ್ಟೇ ಹೇಳುತ್ತಾರೆ.

ಒಂಟಿಯ ಇಂಜಿನ್ನಿಗೆ ಹಾಕುವುದು ಹರಳೆಣ್ಣೆ. ತಮಾಷೆಯಲ್ಲ, ಹಳೇ ರೇಸ್ ಇಂಜಿನ್ನುಗಳು ಅದನ್ನೇ ಕುಡಿಯುತ್ತಿದ್ದವು. ಚಳಿಗೆ ಗಟ್ಟಿಯಾಗುತ್ತದಾದ್ದರಿಂದ ಹೊಯ್ಯುವ ಮುಂಚೆ ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಬೇಕು. ಹೀಗಾಗಿ ಆಯುಧಪೂಜೆಯ ಬೆಳಗ್ಗೆ ನಮ್ಮಲ್ಲಿ ಒಂದೇ ಪಾತ್ರೆಯಲ್ಲಿ ಎಣ್ಣೆ ಕಾಯುತ್ತದೆ. ಮೊದಲು ನಮ್ಮ ನೆತ್ತಿಗೆ, ಮಿಕ್ಕದ್ದು ಒಂಟಿಗೆ. ಒಂದು ವರ್ಷ ಅಜ್ಜಿ ಅಭ್ಯಾಸಬಲದಿಂದ ಎಣ್ಣೆಗೆ ಮೆಂತ್ಯ, ಕಾಳುಮೆಣಸು ಹಾಕಿ ಘಮ್ಮೆನ್ನುವಂತೆ ಕಾಯಿಸಿಬಿಟ್ಟಿದ್ದರು. ಅಪ್ಪ ನೋಡದೆ ಅರ್ಧ ಇಂಜಿನ್ನಿಗೆ ಸುರಿದೂ ಆಗಿತ್ತು. ಆಮೇಲೆ ಎಲ್ಲವನ್ನೂ ಇಳಿಸಿ, ಹಳೇ ಪಂಚೆಯಲ್ಲಿ ಸೋಸಿ, ಒಂದೊಂದೇ ಕಾಳು ಹೆಕ್ಕುತ್ತ ಕೂತರು. "ನೆಗಡಿ ಆಗಲ್ಲ ಬಿಡೋ ಅದಕ್ಕೆ" ಎಂದು ಅಜ್ಜಿ ಸಮಾಧಾನ ಹೇಳಿದ್ದರು. ಈಗಲೂ ಎಲ್ಲಾದರೂ ಹರಳೆಣ್ಣೆ ಸುಟ್ಟ ವಾಸನೆ ಬಂದರೆ ನನಗೆ ತಲೆಸ್ನಾನದ ನೆನಪೂ ರೇಸಿನ ನೆನಪೂ ಒಟ್ಟಿಗೆ ಬರುತ್ತವೆ.

ಆಯುಧಪೂಜೆಗೆ ಅಪ್ಪ ಮಾಡಿದ ಕಾನೂನೊಂದಿದೆ. ಪ್ರತಿ ಗಾಡಿಯೂ ಅವತ್ತು ತನ್ನ ಇಂಜಿನ್ನಿನ ಬಲದಿಂದಲೇ ಶೆಡ್ಡಿನಿಂದ ಹೊರಗೆ ಬರಬೇಕು, ಮನೆಯವರೇ ಓಡಿಸಬೇಕು, ನಮ್ಮ ಬೀದಿಗೆ ಒಂದು ಸುತ್ತು ಹಾಕಿ ತಾನಾಗಿಯೇ ವಾಪಸ್ಸು ಬರಬೇಕು. ಬಂದರೆ ವಿಭೂತಿ, ಕುಂಬಳಕಾಯಿ, ಚಕ್ರದಡಿ ನಿಂಬೆಹಣ್ಣು. ತಳ್ಳಿಕೊಂಡು ಬಂದರೆ ಲೆಕ್ಕಕ್ಕಿಲ್ಲ. ಬಾರದ ಗಾಡಿ, ಓಡಿಸುವವರು ಯಾರಾದರೂ ಸಿಕ್ಕರೆ ಅವರ ಮನೆಗೆ, ಸಿಗದಿದ್ದರೆ ಕೇಳಿದವರ ಮನೆಗೆ. "ನಿಲ್ಲಿಸಿ ನೋಡೋಕೆ ಗೋಡೆ ಮೇಲೆ ಫೋಟೋ ಸಾಕು" ಎನ್ನುವುದು ಅವರ ವಾದ.

ಇದು ಬಾಯಿಮಾತಿನ ಕಾನೂನು ಎಂದು ನಾವೂ ಅಂದುಕೊಂಡಿದ್ದೆವು, ಗುಂಡಣ್ಣ ಹೋಗುವ ತನಕ. ಗುಂಡಣ್ಣ ಎಂದರೆ ಹಸಿರು ಬಣ್ಣದ, ದುಂಡು ಬೆನ್ನಿನ ಎರಡು ಸೀಟಿನ ಗಾಡಿ. ನಾನು ಕಾರು ಕಲಿತದ್ದು ಅದರಲ್ಲಿ, ಮಹಾಲಕ್ಷ್ಮಿ ಲೇಔಟಿನ ರಸ್ತೆಗಳು ಇನ್ನೂ ಖಾಲಿ ಹೊಡೆಯುತ್ತಿದ್ದ ಕಾಲದಲ್ಲಿ. ಅದರಲ್ಲೂ ನಡುವೆ ಆಕ್ಸಿಲರೇಟರ್. ಒಂದು ವರ್ಷ ಅದರ ಇಂಜಿನ್ ಬ್ಲಾಕು ಸೀಳಿತು, ಅಪ್ಪನ ಲೇತಿಗೂ ಅದು ಬಗ್ಗಲಿಲ್ಲ, ಹಬ್ಬದ ದಿನ ಗುಂಡಣ್ಣ ಶೆಡ್ಡಿನಲ್ಲೇ ಉಳಿಯಿತು. ಮುಂದಿನ ವಾರವೇ ಕೊಯಮತ್ತೂರಿನ ಒಬ್ಬರು ಲಾರಿ ತಂದರು. ಅಪ್ಪ ತಾವೇ ಹಗ್ಗ ಬಿಗಿದು ಕಳಿಸಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ಹೊರಗೆ ಬರಲಿಲ್ಲ. ನಾನು ಬಾಗಿಲ ಹೊರಗೆ ನಿಂತು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಅತ್ತೆ.

ಗುಂಡಣ್ಣನ ಪ್ರಸಾದವಾಗಿ ನನ್ನ ಲೈಸೆನ್ಸ್ ಪರೀಕ್ಷೆಯ ಕಥೆಯೊಂದು ಉಳಿದಿದೆ. ಪರೀಕ್ಷೆಗೆ ಕೊಟ್ಟದ್ದು ಮಾಮೂಲಿ ಕಾರು. ಇನ್ಸ್‌ಪೆಕ್ಟರು "ಹೊರಡಿ" ಎಂದರು. ನಾನು ನಡುವಿನ ಪೆಡಲನ್ನು ಒತ್ತಿದೆ, ಕಾರು ಕದಲಲಿಲ್ಲ. ಹೇಗೋ ಹೊರಟೆ ಅನ್ನಿ. "ನಿಲ್ಸಿ" ಎಂದರು. ಬಲಗಡೆಯದನ್ನು ಒತ್ತಿದೆ. ಕಾರು ನೆಗೆದು ಎದುರಿಗಿದ್ದ ಎಳನೀರಿನ ರಾಶಿಯೊಳಗೆ ಮೂಗು ತೂರಿಸಿ ನಿಂತಿತು. "ಯಾರಮ್ಮ ನಿಮಗೆ ಕಲಿಸಿದ್ದು?" ಎಂದರು ಅವರು. "ನಮ್ಮಪ್ಪ ಸಾರ್." "ಅವರ ಹತ್ರ ಲೈಸೆನ್ಸ್ ಇದೆಯಾ?" ಎಂದು ಕೇಳಿದರು. ಕೆಲವು ವರ್ಷದ ನಂತರ ನನ್ನ ತಮ್ಮ ಮೋಹನನೂ ಹೋಗಿ ಇದೇ ಸಾಧನೆ ಮಾಡಿ ಬಂದ. ಎಳನೀರಿನವನು ಅಷ್ಟರಲ್ಲಿ ಜಾಗ ಬದಲಾಯಿಸಿದ್ದನಂತೆ. ಆಮೇಲೆ ನಾನು ಹಟ ಹಿಡಿದು ಮಾಮೂಲಿ ಕಾರನ್ನು ಕಲಿತೆ, ವಿಜಯನಗರದ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ ದಿನವೂ ಓಡಿಸಿದೆ, ಕಾಲು ಲೋಕರೂಢಿಗೆ ಹೊಂದಿಕೊಂಡಿತು.

ಒಂಟಿಯನ್ನು ಮಾತ್ರ ಅಪ್ಪ ನನಗೆ ಯಾವತ್ತೂ ಕೊಡಲಿಲ್ಲ. ಅದರ ಹಿಂದಿನ ಚಕ್ರಗಳನ್ನು ತಿರುಗಿಸುವ ಚೈನು ಡ್ರೈವರಿನ ಮೊಣಕೈಯ ಪಕ್ಕದಲ್ಲೇ ತೆರೆದುಕೊಂಡು ತಿರುಗುತ್ತದೆ. ನನಗಾಗ ಮಂಡಿ ಮುಟ್ಟುವ ಜಡೆ. "ಜಡೆ ಸಿಕ್ಕಿ ಹಾಕ್ಕೊಳ್ಳುತ್ತೆ, ನಿನಗೆ ಬೇಡ" ಎನ್ನುತ್ತಿದ್ದರು. ಹೀಗಾಗಿ ಅಪ್ಪನ ಮಂಡಿ ಬಗ್ಗದಂತಾದ ಮೇಲೆ ಒಂಟಿ ಮೋಹನನ ಪಾಲಿಗೆ ಹೋಯಿತು. ಅದರ ಸೀಟು ಅಪ್ಪನ ಮೈ ಅಳತೆಗೆ ಹೊಲಿಸಿದ್ದು. ಮೋಹನ ಪ್ರತಿವರ್ಷ ಅದರೊಳಗೆ ಉಸಿರು ಬಿಗಿಹಿಡಿದು ತೂರಿಕೊಳ್ಳುತ್ತಿದ್ದ. ಸೀಟು ಬದಲಾಯಿಸಿ ಎಂದು ಅವನು ಕೇಳಲಿಲ್ಲ, ಅಪ್ಪ ಬದಲಾಯಿಸಲೂ ಇಲ್ಲ.

ಹೋದ ವರ್ಷ ತೂರಿಕೊಂಡ ಮೋಹನ ಹೊರಗೆ ಬರಲಿಲ್ಲ. ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಬೆರಳು ಹೋಗುವಷ್ಟೂ ಜಾಗವಿರಲಿಲ್ಲ. ತಿರುವಿನಲ್ಲಿ ಚಕ್ರ ಪೂರ್ತಿ ತಿರುಗದೆ ಎದುರುಮನೆಯ ಗೇಟು ತಾಗಿಸಿದ, ಹೇಗೋ ಸುತ್ತು ಮುಗಿಸಿ ವಾಪಸ್ಸು ತಂದ. ಆಮೇಲೆ ಇಂಜಿನ್ನಿನದೇ ಹರಳೆಣ್ಣೆಯನ್ನು ಅವನ ಪಕ್ಕೆಗೆ ಸವರಿ, ಬೀದಿಯವರೆಲ್ಲ ಸೇರಿ ಎಳೆದು ಹೊರಗೆ ತೆಗೆದರು. ಇಳಿಸಿಕೊಳ್ಳುತ್ತೇನೆ ಎಂದು ಅವನು ಈ ವರ್ಷವೆಲ್ಲ ಬೆಳಗ್ಗೆ ವಾಕಿಂಗ್ ಹೋದ. ಹೋಗುವುದು ಪಾರ್ಕಿನ ದಾರಿಯಲ್ಲಿ, ಬರುವುದು ದರ್ಶಿನಿಯ ದಾರಿಯಲ್ಲಿ. ಹಬ್ಬಕ್ಕೆ ತಿಂಗಳಿದೆ ಎನ್ನುವಾಗ ತಾನೇ ಬಂದು, "ಅಪ್ಪಾ, ನನ್ನ ಕೈಲಾಗಲ್ಲ" ಎಂದ.

ಅದೇ ಹೊತ್ತಿಗೆ ಸರಿಯಾಗಿ ಕೆಂಗೇರಿಯ ಆಚೆ ರೆಸಾರ್ಟ್ ಕಟ್ಟಿಸುತ್ತಿರುವ ಒಬ್ಬರು ಒಂಟಿಯನ್ನು ನೋಡಲು ಬಂದರು. ಗೇಟಿನ ಮುಂದೆ ಎತ್ತರದ ಕಂಬ ಕಟ್ಟಿಸಿ ಅದರ ಮೇಲೆ ಇಡುವ ಯೋಚನೆ ಅವರದು.

"ಹೆಡ್‌ಲೈಟೇ ಇಲ್ವಲ್ಲ ಸಾರ್" ಎಂದರು.

"ರೇಸ್ ಗಾಡಿ. ಹಗಲು ಓಡೋದು" ಎಂದರು ಅಪ್ಪ.

"ಪರವಾಗಿಲ್ಲ ಬಿಡಿ, ನಾವೇ ಎರಡು ಹಾಕಿಸ್ತೀವಿ. ರಾತ್ರಿ ಕಲರ್ ಕಲರ್ ಲೈಟ್ ಬರೋ ಥರ."

ಅಪ್ಪನ ಮುಖ ಸಣ್ಣದಾಯಿತು. ಆದರೂ, "ಆಯುಧಪೂಜೆ ಆಗಲಿ, ಹೇಳ್ತೀನಿ" ಎಂದರು. ಒಂಟಿಯನ್ನು ಓಡಿಸುತ್ತೇನೆ ಎಂದು ಕೇಳಿದವರು ಬೇರೆ ಯಾರೂ ಇರಲಿಲ್ಲ. ಕಾನೂನು ಕಾನೂನೇ. ತನಗೆ ನೋವಾಗುತ್ತದೆ ಎಂದು ತಾನು ಮಾಡಿದ ಕಾನೂನನ್ನು ಸಡಿಲಿಸುವ ಮನುಷ್ಯರಲ್ಲ ಅವರು.

ರೆಸಾರ್ಟಿನವರು ಹೋದ ಮೇಲೆ ನಾನು ಮಹಡಿಯಿಂದ ಇಳಿದು ಬಂದು, "ಅಪ್ಪಾ, ನಾನು ಓಡಿಸ್ತೀನಿ" ಎಂದೆ.

"ನಿನ್ನ ಜಡೆ..." ಎಂದು ಶುರುಮಾಡಿದರು, ರೂಢಿ ನೋಡಿ. ನಾನು ತಿರುಗಿ ನಿಂತೆ. ಆ ಜಡೆಯಲ್ಲಿ ಉಳಿದಿರುವುದನ್ನು ಒಂದು ಸಣ್ಣ ಕ್ಲಿಪ್ಪು ನಿಭಾಯಿಸುತ್ತಿದೆ.

ಅಪ್ಪ ನನ್ನ ನೆತ್ತಿಯನ್ನು ನೋಡಿದರು. "ಜಡೆ ಇರಲಿ. ಕಾಲು ತಪ್ಪುತ್ತೆ ಕಣೇ ಸುಮಾ. ಇಷ್ಟು ವರ್ಷ ಆ ಕಡೆ ಕಾಲಿಟ್ಟಿದೀಯ. ನಿಲ್ಸಬೇಕಾದಾಗ ನಡುವಿಂದು ಒತ್ತಿದ್ರೆ? ಬೀದಿ ತುಂಬ ಮಕ್ಕಳಿರ್ತವೆ."

"ಕಲೀತೀನಿ."

"ಈ ವಯಸ್ಸಲ್ಲಾ?"

"ನೀವು ಈ ವಯಸ್ಸಲ್ಲಿ ಕಾನೂನು ಬಿಡ್ತಿಲ್ವಲ್ಲ, ನಾನೂ ಬಿಡಲ್ಲ" ಎಂದೆ. ಅಷ್ಟು ಜೋರಾಗಿ ಹೇಳುವ ಉದ್ದೇಶವಿರಲಿಲ್ಲ. ಅಡುಗೆಮನೆಯಿಂದ ಅಮ್ಮ ಇಣುಕಿ, ನಾವಿಬ್ಬರೂ ಬದುಕಿದ್ದೇವೆ ಎಂದು ಖಚಿತಪಡಿಸಿಕೊಂಡು ಒಳಗೆ ಹೋದರು.

ಆವತ್ತೇ ನನ್ನ ಕಾರಿಗೆ ಕವರ್ ಹೊದಿಸಿದೆ. ಎರಡು ಥರದ ಪಾಠ ಒಂದೇ ಕಾಲಿಗೆ ಬೇಡ ಎಂದು ಬಸ್ಸು ಹಿಡಿಯತೊಡಗಿದೆ. ಸಂಜೆ ಶೆಡ್ಡಿನಲ್ಲಿ ಒಂಟಿಯೊಳಗೆ, ಬೆನ್ನಿಗೊಂದು ಕೆಳಗೊಂದು ದಿಂಬಿಟ್ಟುಕೊಂಡು ಕೂತು ಪೆಡಲು ತುಳಿದೆ. ನಿಂತ ಗಾಡಿಯಲ್ಲಿ ಕಾಲು ಬುದ್ಧಿವಂತ ಹುಡುಗಿಯ ಹಾಗೆ ಸರಿಯಾಗಿಯೇ ಹೋಗುತ್ತಿತ್ತು. "ಅದು ದೊಡ್ಡ ವಿಷಯ ಅಲ್ಲ. ಗಾಬರಿ ಆದಾಗ ಎಲ್ಲಿಗೆ ಹೋಗುತ್ತೆ ಅನ್ನೋದು ವಿಷಯ" ಎಂದರು ಅಪ್ಪ. ಆ ಗಾಬರಿಯನ್ನು ಅವರೇ ಒದಗಿಸಿದರು. ಊಟದ ಮೇಜಿನ ಕೆಳಗೆ ಎಡಕ್ಕೊಂದು ಹವಾಯಿ ಚಪ್ಪಲಿ, ನಡುವೆ ಪಾತ್ರೆ ತಿಕ್ಕುವ ಸ್ಪಂಜು, ಬಲಕ್ಕೆ ಒಂದು ಇಟ್ಟಿಗೆ. ಇಟ್ಟಿಗೆಯೇ ಬ್ರೇಕು. ನಾನು ಸ್ಪಂಜಿನ ಮೇಲೆ ಕಾಲಿಟ್ಟು ಸಾರನ್ನ ಕಲಸುತ್ತಿರಬೇಕು. ಅಪ್ಪ ಎದುರಿಗೆ ಪೇಪರು ಓದುತ್ತಾ ಇದ್ದಕ್ಕಿದ್ದಂತೆ ಕೂಗುತ್ತಿದ್ದರು.

"ಹಸು!"

ಮೊದಲ ದಿನ ನನ್ನ ಕಾಲು ಸ್ಪಂಜನ್ನೇ ಅವುಚಿತು. "ಹೋಯ್ತು ಹಸು" ಎಂದು ಅಪ್ಪ ಪುಟ ತಿರುಗಿಸಿದರು. ಎರಡನೆಯ ದಿನವೂ ಹಸು ಹೋಯಿತು. ಆಟೋ ಹೋಯಿತು, ಐಸ್‌ಕ್ರೀಮ್ ಗಾಡಿ ಹೋಯಿತು, ಸ್ಕೂಲು ಬಿಟ್ಟು ಬರುತ್ತಿದ್ದ ಮಕ್ಕಳ ಸಾಲೊಂದು ಹೋಗಿದ್ದಕ್ಕೆ ನಾನು ತಟ್ಟೆ ಬಿಟ್ಟು ಎದ್ದೆ. ಒಮ್ಮೆ ಪಕ್ಕದ ಮನೆಯ ಆಂಟಿ ಹೆಪ್ಪಿಗೆ ಮೊಸರು ಕೇಳಲು ಬಂದವರು ಈ "ಹಸು!" ಕೇಳಿ ಬಟ್ಟಲು ಕೈಬಿಟ್ಟರು. ಕಾಲ್ಬೆರಳಿನ ಉಗುರು ಕಪ್ಪಾಯಿತು. ಅಮ್ಮ ಇಟ್ಟಿಗೆಗೆ ಹಳೇ ಟವೆಲು ಸುತ್ತಿಕೊಟ್ಟರು. ದಸರೆ ಹತ್ತಿರ ಬರುವ ಹೊತ್ತಿಗೆ ಹಸುಗಳು ಉಳಿಯತೊಡಗಿದವು. ಕಾಲೇಜಿನಲ್ಲಿ ಪಾಠ ಮಾಡುವಾಗ ಯಾರಾದರೂ ಬಾಗಿಲು ದಡ್ ಎನ್ನಿಸಿದರೂ ಬಲಗಾಲು ಬಲಕ್ಕೆ ಹೋಗುತ್ತಿತ್ತು. ಮಕ್ಕಳು ಮೇಡಂಗೆ ಏನೋ ನರದ ತೊಂದರೆ ಎಂದು ಮಾತಾಡಿಕೊಂಡರಂತೆ. ಆಡಿಕೊಳ್ಳಲಿ ಎಂದುಕೊಂಡೆ.

ಹಬ್ಬದ ಬೆಳಗ್ಗೆ ಎಣ್ಣೆ ಕಾಯಿತು. ಅಮ್ಮ ನನ್ನ ನೆತ್ತಿಗೆ ತಟ್ಟಿ, ಮಿಕ್ಕದ್ದನ್ನು ಅಪ್ಪನ ಕೈಗೆ ಕೊಟ್ಟರು. ಕೆಂಪಿ ಮೋಹನನ ಕೈಯಲ್ಲಿ ಹೋಗಿ ಬಂತು. ಸೀಮೆ ಅತ್ತೆ ಕೆಮ್ಮುತ್ತಾ ಹೋಗಿ ಕೆಮ್ಮುತ್ತಾ ಬಂತು. ನಾನು ದಿಂಬುಗಳನ್ನು ಹಗ್ಗದಿಂದ ಬಿಗಿದುಕೊಂಡು ಒಂಟಿಯೊಳಗೆ ಇಳಿದೆ. ಮೋಹನ ಮುಂದೆ ನಿಂತು ಇಂಜಿನ್ ಶುರುಮಾಡುವ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದ. ಆ ಸದ್ದಿಗೆ ಬೀದಿಯ ಎಲ್ಲ ಬಾಲ್ಕನಿಗಳೂ ತುಂಬಿದವು. ಎದುರುಮನೆಯವರು ಮುಂಜಾಗ್ರತೆಯಾಗಿ ಗೇಟನ್ನು ಒಳಗೆ ತೆರೆದಿಟ್ಟುಕೊಂಡಿದ್ದರು. ನಾನು ನಡುವಿನ ಪೆಡಲನ್ನು ಒತ್ತಿದೆ. ಒಂಟಿ ಹೊರಟಿತು. ಇಷ್ಟು ವರ್ಷ ಅಪ್ಪ ಬೇಡ ಬೇಡ ಎಂದ ಗಾಡಿ ನನ್ನ ಕಾಲ ಕೆಳಗೆ ಗುಡುಗುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಹೆದರುವುದನ್ನೇ ಮರೆತೆ.

ಒಂದು ತಿರುವು ಸರಾಗವಾಗಿ ಆಯಿತು. ಎರಡನೆಯ ತಿರುವಿನಲ್ಲಿ, ಬಾಳೆಕಂದು ಕಟ್ಟಿಕೊಂಡ ಗೂಡ್ಸ್ ಆಟೋವೊಂದು ರಾಂಗ್ ಸೈಡಿನಿಂದ ಎದುರಿಗೇ ಬಂತು. ಎಲೆಗಳ ಮರೆಯಲ್ಲಿ ಅದರ ಡ್ರೈವರಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ನಾನು ಯೋಚಿಸಲಿಲ್ಲ. ಕಾಲು ಇಟ್ಟಿಗೆಯ ಕಡೆಗೆ ಹೋಯಿತು. ಒಂಟಿ ಬಾಳೆಯೆಲೆಗೆ ಮೂಗು ತಾಗಿಸಿ ನಿಂತಿತು.

ನಿಂತಿದ್ದೇನೋ ಸರಿ. ಇಂಜಿನ್ನೂ ನಿಂತುಬಿಟ್ಟಿತು. ಇಡೀ ತಿಂಗಳು ಅಪ್ಪ ಬಲಗಾಲಿಗೇ ಪಾಠ ಹೇಳಿದ್ದರು, ಎಡಗಾಲಿನ ಕ್ಲಚ್ಚನ್ನು ಇಬ್ಬರೂ ಮರೆತಿದ್ದೆವು. ಪಾಪ, ಆ ಚಪ್ಪಲಿ ಮೇಜಿನ ಕೆಳಗೆ ಸುಮ್ಮನೆ ಬಿದ್ದಿತ್ತು.

"ಸಾರಿ ಮೇಡಂ, ಸಾರಿ ಮೇಡಂ" ಎಂದು ಆಟೋದವನು ಇಳಿದು ಓಡಿ ಬಂದ. "ಮಚ್ಚಾ, ಬನ್ರೋ, ಕೈ ಹಾಕಿ, ಮೇಡಂ ಗಾಡೀನ ಮನೆ ತನಕ ತಳ್ಳಣ" ಎಂದು ಮೂಲೆಯಲ್ಲಿದ್ದ ಹುಡುಗರನ್ನೂ ಕರೆದ.

"ಯಾರೂ ಮುಟ್ಟಬೇಡಿ!" ಎಂದು ನಾನು ಕಿರುಚಿದೆ. ಒಳ್ಳೆಯದು ಮಾಡಲು ಬಂದವರು ಬೆಚ್ಚಿ ಹಿಂದೆ ಸರಿದರು. ಅವರಿಗೆಲ್ಲಿ ಗೊತ್ತು, ಅವರ ಒಂದು ತಳ್ಳಿಗೆ ಒಂಟಿ ಕಂಬ ಹತ್ತುತ್ತದೆ ಎಂದು.

ಮೋಹನ ಹ್ಯಾಂಡಲ್ ಹಿಡಿದು ಏದುಸಿರು ಬಿಡುತ್ತಾ ಓಡಿ ಬಂದ. ಎರಡು ಮೂರು ಸಲ ತಿರುಗಿಸಿದ, ಬಿಸಿ ಇಂಜಿನ್ನು ಹಟ ಮಾಡಿತು. ಅವನ ಹಿಂದೆ ಕೋಲೂರಿಕೊಂಡು ಅಪ್ಪ ಬಂದರು. ಗಾಡಿಯ ಸುತ್ತ ಒಮ್ಮೆ ನೋಡಿದರು, ಎಲ್ಲೂ ತಾಗಿರಲಿಲ್ಲ.

"ಸುಮಾ, ಇಳಿ. ಬಿಸಿ ಇಂಜಿನ್ನಿಗೆ ಜೋರು ಬೇಡ, ಹದ ಬೇಕು. ಗುಂಡಣ್ಣನ್ನ ನೀನೇ ಅಲ್ವಾ ತಿರುಗಿಸ್ತಿದ್ದಿದ್ದು?"

ಇಳಿದೆ. ಅಪ್ಪ ಕೋಲನ್ನು ಆಟೋದವನ ಕೈಗೆ ಕೊಟ್ಟು, ಒಂಟಿಯ ಪಕ್ಕಕ್ಕೆ ಒರಗಿ, ಒಳಗೆ ಕೈಚಾಚಿ ಸ್ಟೀರಿಂಗಿನ ಹತ್ತಿರದ, ಇಂಜಿನ್ನಿನ ಕಿಡಿ ತುಸು ತಡವಾಗಿ ಹೊತ್ತುವಂತೆ ಮಾಡುವ ಸಣ್ಣ ಹಿಡಿಯನ್ನು ಹಿಂದಕ್ಕೆ ಎಳೆದರು. ನಾನು ಹ್ಯಾಂಡಲ್ ಸಿಕ್ಕಿಸಿದೆ. "ಹೆಬ್ಬೆರಳು" ಎಂದಷ್ಟೇ ಹೇಳಿದರು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಮಿಕ್ಕ ಬೆರಳುಗಳ ಜೊತೆಗೇ ಇಡಬೇಕು. ಇಲ್ಲದಿದ್ದರೆ ಇಂಜಿನ್ನು ಹಿಂದಕ್ಕೆ ಒದ್ದಾಗ ಮುರಿಯುತ್ತದೆ. ಅದು ನನ್ನ ಕೈಗೆ ಇನ್ನೂ ನೆನಪಿತ್ತು. ಮೊದಲ ಎಳೆತಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಹ್ಯಾಂಡಲ್ ಹಿಂದಕ್ಕೆ ಒದ್ದು ಭುಜದ ತನಕ ಜುಮ್ಮೆಂದಿತು. ಬಿಡುವುದಿಲ್ಲ ನಿನ್ನನ್ನು ಎಂದು ಮನಸ್ಸಿನಲ್ಲೇ ಬೈದು ಮತ್ತೆ ಎಳೆದೆ. ಹರಳೆಣ್ಣೆಯ ನೀಲಿ ಹೊಗೆ ಎದ್ದಿತು, ಒಂಟಿ ಗುಡುಗಿತು, ಆಟೋದವನು ಅಪ್ಪನ ಕೋಲನ್ನು ಗಾಳಿಯಲ್ಲಿ ಬೀಸಿ ಕೂಗಿದ.

ವಾಪಸ್ಸು ಬಂದೆವು. ಅಪ್ಪ ಒಂಟಿಯ ಮೂತಿಗೆ ವಿಭೂತಿ ಬಳಿದು, ಕುಂಬಳಕಾಯಿಯನ್ನು ತಾವೇ ಎತ್ತಿ ಒಡೆದರು. ಮಧ್ಯಾಹ್ನ ರೆಸಾರ್ಟಿನವರ ಫೋನು ಬಂತು. "ಇಲ್ಲ ಸಾರ್, ಗಾಡಿ ಮನೇಲೇ ಇರುತ್ತೆ. ಓಡ್ಸೋರಿದಾರೆ" ಎಂದು ಅಪ್ಪ ಹೇಳಿದ್ದು ಕೇಳಿಸಿತು. ನನಗೆ ಮಾತ್ರ ಎಡಗಾಲಿನ ಬಗ್ಗೆ ಊಟದ ಹೊತ್ತಿನಲ್ಲಿ ಎರಡು ಸಲ ಬೈದರು.

ಮಾರನೆಯ ದಿನ ವಿಜಯದಶಮಿ. ನಾನು ಕೆಳಗೆ ಬಂದಾಗ ಒಂಟಿಯ ಸೀಟು ಹಾಲಿನ ನಡುವೆ ಇತ್ತು. ಅಪ್ಪ ಅದರ ಹಳೇ ಚರ್ಮದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದರು. ಅವರ ಬೆನ್ನು, ಅವರ ತೊಡೆ ಇಷ್ಟು ವರ್ಷ ಕೂತು ಕೂತು ಮಾಡಿದ ತಗ್ಗು ಅದರಲ್ಲಿ ಹಾಗೇ ಇತ್ತು. ಮೋಹನನಿಗಾಗಿಯೂ ಅದನ್ನು ಅವರು ಮುಟ್ಟಿರಲಿಲ್ಲ.

"ಅಪ್ಪಾ, ಇದು ಯಾಕೆ ಬಿಚ್ತಿದೀರಾ?"

"ದಿಂಬು ಕಟ್ಕೊಂಡು ಎಷ್ಟು ದಿನ ಓಡಿಸ್ತೀಯ? ಸೀಟಿನವನು ನಾಳೆ ಬರ್ತಾನೆ. ಆ ಸ್ಟೂಲ್ ಮೇಲೆ ಕೂತ್ಕೋ, ಕಾಲು ನೀಡು."

ಕೂತೆ. ಅಪ್ಪ ಅಮ್ಮನ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಂಡು, ನೆಲದ ಮೇಲೆ ಕಷ್ಟಪಟ್ಟು ಕೂತು, ನನ್ನ ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಹಿಡಿದರು. ಕಪ್ಪಾದ ಉಗುರನ್ನು ನೋಡಿ ಒಂದು ಕ್ಷಣ ನಿಲ್ಲಿಸಿದರು. ಮತ್ತೆ ಟೇಪು ಸರಿಮಾಡಿಕೊಂಡರು. ನನಗೆ ತಡೆಯಲಾಗಲಿಲ್ಲ, ಭುಜ ಅಲುಗತೊಡಗಿತು.

"ಅಲುಗಾಡಬೇಡ ಕಣೇ" ಎಂದರು ಅಪ್ಪ, ತಲೆಯೆತ್ತದೆ. "ಅಳೋದಿದ್ರೆ ಆಮೇಲೆ ಅಳು. ಅಳತೆ ತಪ್ಪುತ್ತೆ."